ಕಾಯ್ದೆ ಯಾರು ಮಾಡಬೇಕು: ಬಲ್ಲವರೋ, ಗೆದ್ದವರೋ?

ಈಗಿನ ಓದಿದ ಹುಡುಗರ ಬಾಯಾಗ ಒಂದು ಮಾತು ಬಹಳ ಕೇಳಿ ಬರ್ತದ. "ಮಾಸ್ತರ ಆಗಬೇಕಂದ್ರ ಪರೀಕ್ಷೆ, ಡಾಕ್ಟರ್ ಆಗಬೇಕಂದ್ರ ಪರೀಕ್ಷೆ, ಬಸ್ ಓಡಿಸಬೇಕಂದ್ರೂ ಲೈಸೆನ್ಸ್ ಬೇಕು. ಕಾಯ್ದೆ ಮಾಡೋ ಎಂ.ಎಲ್.ಎ., ಎಂ.ಪಿ.ಗಳಿಗೆ ಮಾತ್ರ ಏನೂ ಬೇಕಾಗಿಲ್ಲ. ಆ ಕೆಲಸ ತಜ್ಞರ ಕೈಗೆ ಕೊಟ್ಟರೆ ದೇಶ ಸುಧಾರಿಸ್ತದ" ಅಂತಾರ. ಹಿರಿಯರು ಇದನ್ನ ಒಪ್ಪೋದಿಲ್ಲ. "ತಜ್ಞರನ್ನ ಕೇಳೋರು ಯಾರಪ್ಪ? ಓಟಿನವನು ಐದು ವರ್ಷಕ್ಕೊಮ್ಮೆ ಆದರೂ ಬಾಗಿಲಿಗೆ ಬಂದು ಕೈ ಮುಗೀತಾನ. ಆಫೀಸಿನಾಗ ಕೂತವನು ಆ ಕೆಲಸಾನೂ ಮಾಡೋದಿಲ್ಲ" ಅಂತಾರ.

ಎರಡೂ ಮಾತಿನಾಗ ಸತ್ಯ ಅದ. ಆದ್ರ ಬರೀ ಮಾತು ಮಾತಿಗೆ ಹಚ್ಚಿ ಜಗ್ಗಿದರೆ ಹಗ್ಗ ಹರೀತದ, ನಿರ್ಣಯ ಆಗೋದಿಲ್ಲ. ಆಗಿ ಹೋದ ಕೆಲಸ ಇಟ್ಟುಕೊಂಡು ನೋಡಬೇಕು. ದೂರ ಹೋಗೋದು ಬೇಡ. ಜಹೀರಾಬಾದ, ನಾರಾಯಣಖೇಡ, ತಾಂಡೂರ ಈ ಮೂರೂ ಕಡೆ ಬಲ್ಲವರೂ ಕೈ ಆಡಿಸ್ಯಾರ, ಗೆದ್ದವರೂ ಕೈ ಆಡಿಸ್ಯಾರ. ನಾವು ಇವತ್ತು ಯಾವ ರಾಜ್ಯದಾಗ ಇದ್ದೇವಿ, ನಮ್ಮ ಮಕ್ಕಳು ಯಾವ ಭಾಷೆಯಾಗ ಓದ್ತಾರ, ಹೊಲದ ಪಟ್ಟಾ ಪುಸ್ತಕದ ಮೇಲೆ ಯಾವ ಅಕ್ಷರ ಇರ್ತದ, ಇದೆಲ್ಲಾ ಅವರ ಕೈಯಾಗೇ ಆದ ಕೆಲಸ.

1956ರ ತನಕ ಜಹೀರಾಬಾದ, ನಾರಾಯಣಖೇಡ ಬೀದರ ಜಿಲ್ಲೆದಾಗ ಇದ್ದವು. ತಾಂಡೂರ, ಕೊಡಂಗಲ್ ಗುಲಬರ್ಗಾ ಜಿಲ್ಲೆದಾಗ ಇದ್ದವು. ಮೊದಲು ನಿಜಾಮರ ರಾಜ್ಯ, 1948ರ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಹೈದರಾಬಾದ್ ರಾಜ್ಯ. ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಒಂದೇ ಸಂತೆಯಾಗ ಕೂಡಿ ಮಾರಾಟ ಆಗೋ ಸೀಮೆ ಇದು. ಮನೆಯಾಗ ಕನ್ನಡ, ಬಜಾರದಾಗ ತೆಲುಗು, ಕಚೇರಿಯಾಗ ಉರ್ದು ಅಂತ ನಮ್ಮ ಹಿರಿಯರು ಬಾಳಿದರು. ಯಾರಿಗೂ ಇದು ಭಾರ ಅನ್ನಿಸಿರಲಿಲ್ಲ.

1953ರ ಡಿಸೆಂಬರ್‌ನಾಗ ಕೇಂದ್ರ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗ ಮಾಡಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಗಿದ್ದ ಫಜಲ್ ಅಲಿ ಅಧ್ಯಕ್ಷರು. ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಸದಸ್ಯರು. ಮೂವರೂ ಬಲ್ಲವರು, ಅದರಾಗ ಎರಡು ಮಾತಿಲ್ಲ. ಅವರು ಸುಮ್ಮನೆ ದಿಲ್ಲಿಯಾಗ ಕೂಡಲಿಲ್ಲ. 104 ಊರು ತಿರುಗಿದರು, 9,000ಕ್ಕೂ ಹೆಚ್ಚು ಮಂದಿಯನ್ನ ಮಾತಾಡಿಸಿದರು, ಅವರ ಕಡೆ 1,52,250 ಅರ್ಜಿ ಕಾಗದ ಬಂದವು. 1955ರ ಸೆಪ್ಟೆಂಬರ್ 30ಕ್ಕೆ ವರದಿ ಕೊಟ್ಟರು.

ಆ ವರದಿಯಾಗ ನಮ್ಮ ಬಗ್ಗೆ ಏನಿತ್ತು? ತೆಲಂಗಾಣದ ಜಿಲ್ಲೆಗಳನ್ನ ಆಂಧ್ರಕ್ಕೆ ಈಗಲೇ ಕೂಡಿಸಬೇಡ್ರಿ, ಹೈದರಾಬಾದ್ ಅಂತ ಬ್ಯಾರೇ ರಾಜ್ಯ ಇರಲಿ, 1961ರ ಸುಮಾರಿಗೆ ಚುನಾವಣೆ ಆದ ಮೇಲೆ ಅಲ್ಲಿಯ ವಿಧಾನಸಭೆಯಾಗ ಮೂರರಾಗ ಎರಡು ಪಾಲು ಮಂದಿ ಹೂಂ ಅಂದ್ರ ಆಗ ಕೂಡಿಸ್ರಿ ಅಂದರು. ಇಡೀ ಬೀದರ ಜಿಲ್ಲೆ ಆ ಹೈದರಾಬಾದ್ ರಾಜ್ಯದಾಗೇ ಇರಲಿ ಅಂದರು. ಗುಲಬರ್ಗಾ, ರಾಯಚೂರು ಕರ್ನಾಟಕಕ್ಕೆ ಹೋಗಲಿ ಅಂದರು.

ಅಂದ್ರ ಬಲ್ಲವರ ಮಾತು ನಡೆದಿದ್ದರೆ ಜಹೀರಾಬಾದ, ನಾರಾಯಣಖೇಡದ ಕನ್ನಡದವರು ಬೀದರದವರ ಜೋಡಿ ಕೂಡೇ ಇರ್ತಿದ್ದರು, ಆದ್ರ ಕರ್ನಾಟಕದಾಗ ಅಲ್ಲ, ಹೈದರಾಬಾದ್ ರಾಜ್ಯದಾಗ. ಇವತ್ತು ಬೀದರ ಕನ್ನಡ ನಾಡಿನ ಕಿರೀಟ ಅಂತ ಹಾಡ್ತೇವಿ. ತಜ್ಞರ ವರದಿ ಆ ಕಿರೀಟಾನೇ ಆಚೆ ಇಟ್ಟಿತ್ತು. ತಜ್ಞರೇ ಕಾಯ್ದೆ ಮಾಡಬೇಕು ಅನ್ನೋ ಬೀದರದ ಹುಡುಗರು ಇದನ್ನ ಮೊದಲು ತಿಳಕೋಬೇಕು.

ಗೆದ್ದವರು ಏನು ಮಾಡಿದರು? ತೆಲಂಗಾಣ ಕಾಯಬೇಕು ಅನ್ನೋ ಮಾತು ಬಿಟ್ಟರು. 1956ರ ಫೆಬ್ರವರಿ 20ಕ್ಕೆ ದಿಲ್ಲಿಯಾಗ ಎರಡೂ ಕಡೆಯ ಮುಖಂಡರು ಕೂತು ಒಪ್ಪಂದ ಮಾಡಿಕೊಂಡರು, ಅದಕ್ಕ ದೊಡ್ಡ ಮನುಷ್ಯರ ಒಪ್ಪಂದ ಅಂತ ಹೆಸರು. ಆಮೇಲೆ ಪಾರ್ಲಿಮೆಂಟು ಕಾಯ್ದೆ ಮಾಡಿತು, ನವೆಂಬರ್ 1ಕ್ಕೆ ಜಾರಿ ಆಯಿತು. ಬೀದರ ಮೈಸೂರು ರಾಜ್ಯಕ್ಕೆ ಬಂತು, ಆದ್ರ ಇಡಿಯಾಗಿ ಅಲ್ಲ. ಅಹ್ಮದಪುರ, ನಿಲಂಗಾ, ಉದಗೀರ ಬೊಂಬಾಯಿ ರಾಜ್ಯಕ್ಕೆ. ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್, ನಾರಾಯಣಖೇಡ ತಾಲೂಕು ಆಂಧ್ರಪ್ರದೇಶಕ್ಕೆ. ಗುಲಬರ್ಗಾದಿಂದ ತಾಂಡೂರ, ಕೊಡಂಗಲ್ ಸೈತ ಆಂಧ್ರಕ್ಕೆ.

ಆ ಕಾಯ್ದೆಯ ಮಾತು ನೋಡ್ರಿ: ತಾಲೂಕು, ಸರ್ಕಲ್. ಊರಿನ ಹೆಸರಿಲ್ಲ. ಸರ್ಕಲ್ ಅಂದ್ರ ಏನು? ಕಂದಾಯ ವಸೂಲಿಗೆ ಗಿರ್ದಾವರ ತಿರುಗಾಡೋ ಸೀಮೆ. ಒಬ್ಬ ಗಿರ್ದಾವರ ಎಷ್ಟು ಊರು ನೋಡಬಹುದು ಅನ್ನೋ ಲೆಕ್ಕದ ಮೇಲೆ ಅದನ್ನ ಹಾಕಿದ್ದರು. ಆ ಊರಾಗ ಯಾವ ಮಾತು ಆಡ್ತಾರ, ಯಾವ ಊರಿಗೆ ಹೆಣ್ಣು ಕೊಡ್ತಾರ, ಯಾವ ಜಾತ್ರಿಗೆ ತೇರು ಎಳೀತಾರ ಅನ್ನೋ ಲೆಕ್ಕ ಅದರಾಗ ಇರಲಿಲ್ಲ. ತೆರಿಗೆ ಎತ್ತೋ ಗೆರೆ ತಂದು ರಾಜ್ಯದ ಗೆರೆ ಮಾಡಿದರು. ನಿರ್ಣಾ ಆಚೆ ಉಳೀತು, ನ್ಯಾಲಕಲ್ ಈಚೆ ಬಂತು. ಒಂದೇ ಮನೆತನದ ಹೊಲ ಎರಡೂ ಕಡೆ ಬಿದ್ದವು.

ಊರು ಹಿಡಿದು ಗೆರೆ ಹಾಕೋದು ಆಗದ ಕೆಲಸ ಆಗಿತ್ತು ಅನ್ನಬೇಡ್ರಿ. ಆಂಧ್ರ ಮತ್ತ ಮದ್ರಾಸ್ ನಡುವಿನ ಜಗಳಕ್ಕೆ 1957ರಾಗ ಪಾಟಸ್ಕರ್ ಅವರು ಊರನ್ನೇ ಒಂದು ಘಟಕ ಅಂತ ಹಿಡಿದು ತೀರ್ಪು ಕೊಟ್ಟರು. ಅದರ ಮೇಲೆ 1959ರಾಗ ಕಾಯ್ದೆ ಆಯಿತು, 1960ರ ಏಪ್ರಿಲ್ 1ಕ್ಕೆ ಊರುಗಳು ಆಚೀಚೆ ಆದವು. ಅಲ್ಲಿ ಬಲ್ಲವರು ಕೂತು ಲೆಕ್ಕ ತೆಗೆದರು, ಗೆದ್ದವರು ಒಪ್ಪಿದರು, ಕೆಲಸ ಆಯಿತು. ಮೈಸೂರು, ಮಹಾರಾಷ್ಟ್ರ, ಕೇರಳದ ಜಗಳಕ್ಕೆ 1966ರಾಗ ಮಹಾಜನ್ ಆಯೋಗ ಆಯಿತು. ಮೆಹರ್ ಚಂದ್ ಮಹಾಜನ್ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. 1967ರ ಆಗಸ್ಟ್‌ನಾಗ ವರದಿ ಕೊಟ್ಟರು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಬೇಕು ಅಂದರು. ಆ ವರದಿ ಇವತ್ತಿಗೂ ಕಾಯ್ದೆ ಆಗಿಲ್ಲ. ನಮ್ಮ ಆಂಧ್ರದ ಕಡೆಯ ಗಡಿ ಆ ಆಯೋಗದ ಲೆಕ್ಕದಾಗೇ ಇರಲಿಲ್ಲ. ಕಾಸರಗೋಡಿನವರ ಮಾತು ಕೇಳಿ ಬದಿಗಿಟ್ಟರು. ನಮ್ಮದು ಕೇಳೋಕೂ ಯಾರೂ ಬರಲಿಲ್ಲ.

ಬಳ್ಳಾರಿ ಕಥೆ ಇದಕ್ಕ ಉಲ್ಟಾ ಅದ. ಫಜಲ್ ಅಲಿ ಆಯೋಗ ತುಂಗಭದ್ರಾ ಅಣೆಕಟ್ಟಿನ ನೆಪದಿಂದ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕು ಆಂಧ್ರಕ್ಕೆ ಕೊಡ್ರಿ ಅಂದಿತ್ತು. ಕನ್ನಡ ನಾಡು ಎದ್ದು ಕೂತಿತು. ಗೆದ್ದವರಿಗೆ ಆ ಗದ್ದಲ ಕೇಳಿಸಿತು, ಬಳ್ಳಾರಿ ಉಳೀತು. ಇಲ್ಲಿ ತಜ್ಞರು ತಪ್ಪಿದರು, ರಾಜಕಾರಣಿಗಳು ಸರಿಪಡಿಸಿದರು ಅನ್ನಬಹುದು. ಆದ್ರ ಅದೇ ರಾಜಕಾರಣಿಗಳ ಕಿವಿಗೆ ನಾರಾಯಣಖೇಡ ಯಾಕ ಕೇಳಿಸಲಿಲ್ಲ? ಬಳ್ಳಾರಿ ದೊಡ್ಡ ಪಟ್ಟಣ, ಅಲ್ಲಿ ವಕೀಲರಿದ್ದರು, ಪತ್ರಿಕೆ ಇದ್ದವು, ರೊಕ್ಕ ಇತ್ತು. ನಮ್ಮ ಕಡೆ ಒಕ್ಕಲುತನದವರು, ಕೂಲಿಯವರು. ಆಗ ಅರ್ಜಿ ಬರೆಯೋ ಕೈ ಎಷ್ಟಿದ್ದವು?

ಇದರ ಮೇಲಿಂದ ನನಗ ತಿಳಿದದ್ದು ಇಷ್ಟು. ಬಲ್ಲವನು ಕಾರಣ ಎಣಿಸ್ತಾನ: ನೀರು, ರೇಲ್ವೆ, ಆದಾಯ. ಗೆದ್ದವನು ತಲೆ ಎಣಿಸ್ತಾನ. ಕಾರಣದ ಪಟ್ಟಿಯಾಗೂ ಸಿಗದ, ತಲೆ ಲೆಕ್ಕದಾಗೂ ಕಡಿಮಿ ಬೀಳೋ ಮಂದಿ ಇದ್ದರ, ಇಬ್ಬರ ಕೈಯಾಗಿಂದೂ ಜಾರಿ ಬೀಳ್ತಾರ. ಗಡಿಯ ಮಂದಿ ಅಂದ್ರ ಅವರೇ.

ಮತ್ತೊಮ್ಮೆ ಇದೇ ನಾಟಕ ನಡೀತು. ಶ್ರೀಕೃಷ್ಣ ಸಮಿತಿ 2010ರ ಡಿಸೆಂಬರ್ 30ಕ್ಕೆ ವರದಿ ಕೊಟ್ಟಿತು. ಆರು ದಾರಿ ತೋರಿಸಿತು. ಅದರಾಗ ಅವರಿಗೆ ಹೆಚ್ಚು ಮನಸಿಗೆ ಬಂದದ್ದು ಆಂಧ್ರಪ್ರದೇಶ ಒಡೀಬಾರದು, ತೆಲಂಗಾಣಕ್ಕೆ ಕಾಯ್ದೆಯ ಬಲ ಇರೋ ಪ್ರಾದೇಶಿಕ ಮಂಡಳಿ ಕೊಡಬೇಕು ಅನ್ನೋದು. ಎರಡು ರಾಜ್ಯ ಮಾಡೋದು ಎರಡನೇ ದಾರಿ. 2014ರ ಜನವರಿಯಾಗ ಆಂಧ್ರ ವಿಧಾನಸಭೆ ಒಡೆಯೋ ಮಸೂದೆ ಬೇಡ ಅಂತು, ಫೆಬ್ರವರಿಯಾಗ ಪಾರ್ಲಿಮೆಂಟು ಒಡೀತು, ಜೂನ್ 2ಕ್ಕೆ ತೆಲಂಗಾಣ ಹುಟ್ಟಿತು. ಸಂವಿಧಾನದ 3ನೇ ವಿಧಿಯಾಗ ರಾಜ್ಯದ ವಿಧಾನಸಭೆ ಅಭಿಪ್ರಾಯ ಕೇಳಬೇಕು ಅಂತ ಅದ, ಅದನ್ನ ಒಪ್ಪಲೇಬೇಕು ಅಂತ ಇಲ್ಲ.

ನೋಡ್ರಿ, 1955ರಾಗ ಬಲ್ಲವರು ಬ್ಯಾರೇ ಇಡ್ರಿ ಅಂದರು, ಗೆದ್ದವರು ಕೂಡಿಸಿದರು. 2010ರಾಗ ಬಲ್ಲವರು ಕೂಡಿ ಇಡ್ರಿ ಅಂದರು, ಗೆದ್ದವರು ಬ್ಯಾರೇ ಮಾಡಿದರು. ನಡುವೆ 1969ರಾಗ ತೆಲಂಗಾಣದ ಹುಡುಗರು ಗುಂಡಿಗೆ ಸತ್ತರು. ಮೊದಲ ಸಲ ಬಲ್ಲವರ ಮಾತು ಕೇಳಿದ್ದರೆ ಅಷ್ಟು ಜೀವ ಉಳೀತಿದ್ದವು ಅಂತ ತೆಲುಗಿನ ಸ್ನೇಹಿತರು ಅಂತಾರ. ಎರಡನೇ ಸಲ ಗೆದ್ದವರೇ ಜನರ ಮಾತು ಕೇಳಿದರು ಅಂತಾನೂ ಅವರೇ ಅಂತಾರ. ಎರಡೂ ಖರೆ. ಹಂಗಾರ ಇದೊಂದು ಜಾತಿ ಮಂದಿ ಜಾಣರು, ಇನ್ನೊಂದು ಜಾತಿ ದಡ್ಡರು ಅನ್ನೋ ಮಾತಲ್ಲ.

ನಾವು ತತ್ವಪದ ಹಾಡೋರು. ಪದದ ಕಡೆಗೆ ಅಂಕಿತ ಇರ್ತದ. ಕಡಕೋಳ ಮಡಿವಾಳಪ್ಪನ ಪದ ಅಂದ್ರ ಅಂಕಿತದಿಂದ ಗುರುತು ಸಿಗ್ತದ. ಪದದಾಗ ತಪ್ಪಿದ್ದರೆ ಯಾರ ಪದ ಅಂತ ಕೇಳಬಹುದು. ಕಾಯ್ದೆಗೂ ಅಂಕಿತ ಬೇಕು. ತಜ್ಞರ ವರದಿಗೆ ಸಹಿ ಇರ್ತದ, ಆದ್ರ ವರದಿ ತಪ್ಪಿದರೆ ಅವರನ್ನ ಕೆಳಗ ಇಳಿಸೋ ದಾರಿ ನಮ್ಮ ಕೈಯಾಗ ಇಲ್ಲ. ಓಟಿನವನನ್ನ ಇಳಿಸಬಹುದು. ಇದೊಂದೇ ಕಾರಣಕ್ಕೆ ಕಡೆಯ ಅಂಕಿತ ಗೆದ್ದವರದೇ ಇರಬೇಕು ಅಂತ ನಾನೂ ಒಪ್ಪತೇನಿ. ಕಾಯ್ದೆ ಮಾಡೋ ಅಧಿಕಾರ ತಜ್ಞರ ಕೈಗೇ ಕೊಡ್ರಿ ಅನ್ನೋ ವಾದ ಇಲ್ಲಿಗೆ ನಿಲ್ಲೋದಿಲ್ಲ.

ಆದ್ರ ಐದು ವರ್ಷಕ್ಕೆ ಇಳಿಸಬಹುದು ಅನ್ನೋ ಮಾತು ದೊಡ್ಡ ಗುಂಪಿಗೆ ಹೊಂದ್ತದ. 1956ರ ಕಾಯ್ದೆಗೆ ಕೈ ಎತ್ತಿದ ಪಾರ್ಲಿಮೆಂಟಿನ ಮಂದಿಯನ್ನ ಜಹೀರಾಬಾದಿನ ಒಕ್ಕಲಿಗ ಹೆಂಗ ಇಳಿಸಬೇಕು? ಅವನ ಕೈಯಾಗ ಒಂದು ಎಂ.ಪಿ. ಓಟು. ಉಳಿದವರೆಲ್ಲ ಕಾಶ್ಮೀರ, ಕನ್ಯಾಕುಮಾರಿಯವರು. ಹಂಗಾಗಿ ಗೆದ್ದವರೇ ಮಾಡಲಿ, ಅಷ್ಟು ಸಾಕು ಅನ್ನೋ ಹಿರಿಯರ ವಾದಾನೂ ನಿಲ್ಲೋದಿಲ್ಲ. ಇದಕ್ಕ ಮೂರನೇ ಕಂಬ ಬೇಕು.

ಆ ಮೂರನೇ ಕಂಬ ಹೆಂಗ ಇರ್ತದ ಅನ್ನೋದಕ್ಕ ನಮ್ಮ ಸೀಮೆಯಾಗೇ ಒಂದು ಉದಾಹರಣೆ ಆಗಿ ಹೋಗ್ಯದ. ಬಹಳ ಮಂದಿಗೆ ಮರೆತಿದೆ. ಚಂದ್ರಬಾಬು ನಾಯ್ಡು ಮುಖ್ಯಮಂತ್ರಿ ಇದ್ದಾಗ 'ವಿಷನ್ 2020' ಅಂತ ದೊಡ್ಡ ಯೋಜನೆ ಬಂತು. ಮೆಕಿನ್ಸೆ ಅನ್ನೋ ಹೊರದೇಶದ ಸಲಹಾ ಕಂಪನಿಯವರ ಕೈ ಅದರಾಗ ಇತ್ತು. ಅಂದ್ರ ಬಲ್ಲವರೂ ಗೆದ್ದವರೂ ಒಂದೇ ದಾರಿ ಹಿಡಿದ ಕೆಲಸ. ಒಕ್ಕಲುತನದ ಮೇಲೆ ಬದುಕೋರು ನೂರಕ್ಕೆ 70 ಇದ್ದದ್ದು 40ಕ್ಕೆ ಇಳೀಬೇಕು ಅಂತ ಆ ಕಾಗದದಾಗ ಇತ್ತು. ಉಳಿದ 30 ಮಂದಿ ಎಲ್ಲಿ ಹೋಗಬೇಕು ಅಂತ ನಮ್ಮ ಹೊಲದಾಗ ಯಾರೂ ಬಂದು ಹೇಳಲಿಲ್ಲ.

2001ರ ಜೂನ್ ತಿಂಗಳ ಕಡೆಗೆ ಜಹೀರಾಬಾದ ಹತ್ತಿರದ ಅಲ್ಗೋಲ್ ಊರಾಗ 'ಪ್ರಜಾತೀರ್ಪು' ಅಂತ ಒಂದು ಪಂಚಾಯಿತಿ ಕೂಡಿತು. ಪಸ್ತಾಪುರದ ದೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ, ಇಂಗ್ಲೆಂಡಿನ ಎರಡು ಸಂಶೋಧನಾ ಸಂಸ್ಥೆ, ಹೈದರಾಬಾದ್ ವಿಶ್ವವಿದ್ಯಾಲಯ ಕೂಡಿ ಮಾಡಿದ್ದು. ತೀರ್ಪು ಕೊಡೋರು 19 ಮಂದಿ. ಸಣ್ಣ ರೈತರು, ಕೂಲಿಯವರು, ಬುಡಕಟ್ಟಿನವರು, ಹೆಚ್ಚಿನವರು ಹೆಣ್ಣುಮಕ್ಕಳು. ಸರ್ಕಾರದ ಕಡೆಯವರು, ಕಂಪನಿ ಕಡೆಯವರು, ವಿಶ್ವವಿದ್ಯಾಲಯದವರು ಇವರ ಮುಂದೆ ಸಾಕ್ಷಿ ಹೇಳಬೇಕು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಸರಿಯಾಗಿ ನಡೀತದೋ ಇಲ್ಲೋ ಅಂತ ನೋಡೋ ಮಂಡಳಿಗೆ ಹಿರಿಯರು. ಮೂರು ದಾರಿ ಚಿತ್ರ ತೆಗೆದು ತೋರಿಸಿದರು: ಒಂದು ವಿಷನ್ 2020, ಒಂದು ಹೊರದೇಶಕ್ಕೆ ಸಾವಯವ ಬೆಳೆ ಮಾರೋದು, ಒಂದು ಊರಿನ ಊಟ ಊರಾಗೇ ಬೆಳೆಯೋದು.

ಇಲ್ಲಿ ನೋಡಬೇಕಾದ್ದು ಕುರ್ಚಿ ಹೆಂಗ ತಿರುಗಿತು ಅನ್ನೋದು. ಯಾವಾಗಲೂ ತಜ್ಞ ಮೇಲೆ ಕೂತು ಹೇಳ್ತಾನ, ರೈತ ಕೆಳಗ ಕೂತು ಕೇಳ್ತಾನ. ಅಲ್ಲಿ ತಜ್ಞ ನಿಂತು ಹೇಳಿದ, ಜೋಳ ಬಿತ್ತೋ ಕೈಯವರು ಕೂತು ಕೇಳಿ ಪ್ರಶ್ನೆ ಹಾಕಿದರು. 70ರಿಂದ 40ಕ್ಕೆ ಇಳಿಸೋದು ಬೇಡ, ಭೂಮಿ ಒಟ್ಟುಗೂಡಿಸಿ ದೊಡ್ಡವರ ಕೈಗೆ ಕೊಡೋದು ಬೇಡ, ಗುತ್ತಿಗೆ ಬೇಸಾಯ ಬೇಡ, ಕೂಲಿ ಕಸಿಯೋ ಮಷೀನು ಬೇಡ, ಬಿಟಿ ಹತ್ತಿಯಂಥ ಬೀಜ ಬೇಡ ಅಂದರು. ಮಣ್ಣು ಗಟ್ಟಿ ಇರಬೇಕು, ಹಲವು ಬೆಳೆ ಇರಬೇಕು, ದನ ಇರಬೇಕು, ಬೀಜ ನಮ್ಮ ಕೈಯಾಗ ಇರಬೇಕು ಅಂದರು.

ಇದನ್ನ ಬರೀ ಹೊಗಳಿ ಬಿಟ್ಟರೆ ವಿಮರ್ಶೆ ಆಗೋದಿಲ್ಲ. ತೀರ್ಪು ಕೂಡಿಸಿದ ಸಂಸ್ಥೆಗೆ ಮೊದಲೇ ಒಂದು ಒಲವು ಇತ್ತು, ಅದು ಯಾರಿಗೂ ಗುಟ್ಟಲ್ಲ. ಸಹಾಯ ಕೊಡೋ ಇಂಗ್ಲೆಂಡಿನ ಸರ್ಕಾರಿ ಇಲಾಖೆ ಆ ವರದಿಯನ್ನ ಪ್ರಶ್ನೆ ಮಾಡಿತ್ತು. 19 ಮಂದಿಯನ್ನ ಯಾರೂ ಓಟು ಹಾಕಿ ಕಳಿಸಿರಲಿಲ್ಲ, ಇಡೀ ರಾಜ್ಯದ ಕೋಟಿಗಟ್ಟಲೆ ರೈತರ ಮಾತು ಅವರ ಬಾಯಾಗ ಪೂರಾ ಬರೋದೂ ಸಾಧ್ಯ ಇಲ್ಲ. ಅವರು ಬೇಡ ಅಂದ ಬಿಟಿ ಹತ್ತಿಗೆ 2002ರ ಮಾರ್ಚ್‌ನಾಗ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಇವತ್ತು ನಮ್ಮ ಸೀಮೆಯಾಗ ಎಲ್ಲಿ ನೋಡಿದರೂ ಅದೇ ಹತ್ತಿ. ಯಾರೂ ಬಡಿದು ಬಿತ್ತಿಸಲಿಲ್ಲ, ರೈತರೇ ರೊಕ್ಕ ಕೊಟ್ಟು ತಂದು ಬಿತ್ತಿದರು. ಮಷೀನು ಬೇಡ ಅಂದಿದ್ದರು, ಈಗ ರಾಶಿಗೆ ಆಳು ಸಿಗೋದಿಲ್ಲ ಅಂತ ನಾವೇ ಮಷೀನಿಗೆ ಫೋನು ಹಚ್ತೇವಿ. ಹಂಗಾಗಿ ತೀರ್ಪು ಕೊಟ್ಟವರೇ ಕಾಯ್ದೆ ಮಾಡಲಿ ಅಂತ ನಾನು ಹೇಳೋದಿಲ್ಲ.

ಆದ್ರ ಅವರು ಕೇಳಿದ ಒಂದು ಪ್ರಶ್ನೆಗೆ ಬಲ್ಲವರ ಕಡೆ ಉತ್ತರ ಇರಲಿಲ್ಲ, ಗೆದ್ದವರ ಕಡೆನೂ ಇರಲಿಲ್ಲ: ಹೊಲ ಬಿಟ್ಟವನು ಎಲ್ಲಿ ಹೋಗಬೇಕು? ಆ ಪ್ರಶ್ನೆ ಮೆಕಿನ್ಸೆಯವರ ಕಾಗದದಾಗ ಹುಟ್ಟೋದಿಲ್ಲ. ಕಾಯ್ದೆಯ ಭಾರ ಯಾರ ಹೆಗಲ ಮೇಲೆ ಬೀಳ್ತದೋ ಅವರ ಬಾಯಾಗೇ ಹುಟ್ತದ. ಮೂರನೇ ಕಂಬ ಅಂದ್ರ ಅದು. ತೀರ್ಪು ಕೊಡೋದಕ್ಕಿಂತ ಪ್ರಶ್ನೆ ಹಾಕೋದಕ್ಕೆ ಅವರು ಬೇಕು. 2004ರ ಚುನಾವಣೆಯಾಗ ನಾಯ್ಡು ಅವರ ಸರ್ಕಾರ ಸೋತಿತು. ಮೂರು ವರ್ಷ ಮೊದಲೇ ಅಲ್ಗೋಲ್‌ನಾಗ ಕೂತವರ ಮಾತು ಕೇಳಿದ್ದರೆ ಊರಿನ ಹೊಟ್ಟೆ ಉರಿ ಅವರಿಗೆ ಗೊತ್ತಾಗ್ತಿತ್ತು.

ಈಚಿನ ಮಾತು ತಗೊಳ್ರಿ. 2020ರ ಮೂರು ಕೃಷಿ ಕಾಯ್ದೆ. ಮಾರುಕಟ್ಟೆ ಬಿಚ್ಚಬೇಕು ಅಂತ ಅರ್ಥಶಾಸ್ತ್ರ ಬಲ್ಲವರು ಬಹಳ ಮಂದಿ ಮೊದಲಿನಿಂದ ಹೇಳ್ತಿದ್ದರು. ಜೂನ್ 5ಕ್ಕೆ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರ್‌ನಾಗ ಪಾರ್ಲಿಮೆಂಟು ಪಾಸು ಮಾಡಿತು, ರಾಜ್ಯಸಭೆಯಾಗ ತಲೆ ಎಣಿಸಲಿಲ್ಲ, ಬಾಯಿ ಮಾತಿನ ಓಟು. ದಿಲ್ಲಿ ಗಡಿಯಾಗ ರೈತರು ವರ್ಷ ಕೂತರು. 2021ರ ಜನವರಿ 12ಕ್ಕೆ ಸುಪ್ರೀಂ ಕೋರ್ಟು ತಡೆ ಹಾಕಿ ತಜ್ಞರ ಸಮಿತಿ ಮಾಡಿತು, ಸಮಿತಿ ಮಾರ್ಚ್‌ನಾಗ ವರದಿ ಕೊಟ್ಟಿತು. ನವೆಂಬರ್ 29ಕ್ಕೆ ಪಾರ್ಲಿಮೆಂಟು ಮೂರೂ ಕಾಯ್ದೆ ಒಂದೇ ದಿನ ತೆಗೆದು ಹಾಕಿತು, ಚರ್ಚೆ ಇಲ್ಲದೆ. ಮಾಡುವಾಗ ರೈತನನ್ನ ಕೇಳಲಿಲ್ಲ, ತೆಗೆಯುವಾಗ ಯಾಕ ತೆಗೆದೇವಿ ಅಂತ ಸಭೆಯಾಗ ಮಾತಾಡಲಿಲ್ಲ. ತಜ್ಞರ ವರದಿ ಕಪಾಟಿನಾಗ ಉಳೀತು. ಕಾಯ್ದೆ ಒಳ್ಳೇದಿತ್ತೋ ಕೆಟ್ಟದಿತ್ತೋ ಅನ್ನೋ ಜಗಳ ಬದಿಗಿಡ್ರಿ, ಮಾಡೋ ರೀತಿ ಹಿಂಗಿದ್ದರೆ ಒಳ್ಳೆ ಕಾಯ್ದೆಯೂ ಬದುಕೋದಿಲ್ಲ.

ಮೂರೂ ಕಂಬ ಹಾಕಿದ ಕಾಯ್ದೆ ಒಂದಾದರೂ ಅದ ಏನು ಅಂದ್ರ, ಅದ. 2013ರ ಭೂಸ್ವಾಧೀನ ಕಾಯ್ದೆ. ಭೂಮಿ ತಗೊಳ್ಳೋ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಬೇಕು. ಊರಾಗ ಸಭೆ ಕರೀಬೇಕು. ವರದಿ ಅಲ್ಲಿಯ ಜನರ ಭಾಷೆಯಾಗ ಪಂಚಾಯಿತಿಗೆ ಕೊಡಬೇಕು. ಅದನ್ನ ನೋಡೋ ತಜ್ಞರ ಗುಂಪಿನಾಗ ಸಮಾಜ ಶಾಸ್ತ್ರದವರು, ಪುನರ್ವಸತಿ ಬಲ್ಲವರು, ತಾಂತ್ರಿಕ ಬಲ್ಲವರ ಜೋಡಿ ಪಂಚಾಯಿತಿ, ಗ್ರಾಮಸಭೆಯ ಇಬ್ಬರೂ ಇರಬೇಕು. ಭೂಮಿ ಇಲ್ಲದೆ ಅದೇ ಹೊಲದಾಗ ಕೂಲಿ ಮಾಡಿ ಬದುಕೋನೂ ನಷ್ಟ ಆದವರ ಲೆಕ್ಕಕ್ಕೆ ಬರ್ತಾನ. ಬಲ್ಲವರು, ಗೆದ್ದವರು, ಭಾರ ಹೊರೋರು ಮೂವರಿಗೂ ಅದರಾಗ ಜಾಗ ಅದ.

ಅದು ನಮ್ಮ ಕಡೆ ಏನಾಯಿತು? ನ್ಯಾಲಕಲ್, ಝರಾಸಂಗಮ ಮಂಡಲದ 17 ಊರಿನ 12,635 ಎಕರೆ ಮೇಲೆ ನಿಮ್ಜ್ ಅಂತ ದೊಡ್ಡ ಕೈಗಾರಿಕಾ ವಲಯದ ಯೋಜನೆ ಬಂತು. 2015ರ ಜುಲೈಯಾಗ ರಾಜ್ಯ ಸರ್ಕಾರ 123 ನಂಬರಿನ ಜಿ.ಒ. ಹೊರಡಿಸಿತು. ಪಟ್ಟಾದಾರ ಒಪ್ಪಿದರೆ ಸರ್ಕಾರ ನೇರ ಖರೀದಿ ಮಾಡಬಹುದು, 2013ರ ಕಾಯ್ದೆಯ ದಾರಿ ಬೇಕಾಗಿಲ್ಲ. ಪಟ್ಟಾದಾರನಿಗೆ ರೊಕ್ಕ ಬಂತು. ಕೂಲಿಯವನಿಗೆ ಏನು? ಭೂಮಿ ಇಲ್ಲದ ಕೂಲಿಯವರು ಹೈಕೋರ್ಟಿಗೆ ಹೋದರು. 2016ರ ಆಗಸ್ಟ್‌ನಾಗ ಒಬ್ಬ ನ್ಯಾಯಮೂರ್ತಿಯ ಪೀಠ ಆ ಜಿ.ಒ. ರದ್ದು ಮಾಡಿತು. ಎಕರೆ ಇಲ್ಲದವರು, ಅಕ್ಷರ ಕಡಿಮಿ ಇರೋರು, ಆಫೀಸಿನ ತಜ್ಞರಿಗೆ ಕಾಣದ ತೂತು ಕಂಡು ಹಿಡಿದರು. ಆಮೇಲೆ ಗೆದ್ದವರು 2013ರ ಕಾಯ್ದೆಗೇ ರಾಜ್ಯದ ತಿದ್ದುಪಡಿ ತಂದರು, ಕೆಲವು ಥರದ ಯೋಜನೆಗಳಿಗೆ ಆ ಸಾಮಾಜಿಕ ಅಧ್ಯಯನ ಬಿಡಬಹುದು ಅಂತ ಮಾಡಿಕೊಂಡರು. ಮೊದಲು ಕಿತ್ತಿದ್ದು ಮೂರನೇ ಕಂಬಾನೇ.

ಇನ್ನ ಸಾಲಿ ಮಾತು. 1955ರ ಆಯೋಗದವರು ಗಡಿ ಹೆಂಗ ಹಾಕಿದರೂ ಆಚೀಚೆ ಸಣ್ಣ ಭಾಷೆಯವರು ಉಳಿದೇ ಉಳೀತಾರ, ಅವರಿಗೆ ರಕ್ಷಣೆ ಬೇಕು ಅಂದಿದ್ದರು. ಗೆದ್ದವರು ಅದನ್ನ ಕೇಳಿದರು. 1956ರ ಏಳನೇ ತಿದ್ದುಪಡಿಯಾಗ ಸಂವಿಧಾನಕ್ಕೆ 350ಎ, 350ಬಿ ವಿಧಿ ಬಂದವು. ಪ್ರೈಮರಿ ಸಾಲಿಯಾಗ ಮಕ್ಕಳಿಗೆ ತಾಯಿ ಮಾತಿನಾಗ ಪಾಠ ಸಿಗೋಹಂಗ ಪ್ರತಿ ರಾಜ್ಯ ಪ್ರಯತ್ನ ಮಾಡಬೇಕು, ಭಾಷಾ ಅಲ್ಪಸಂಖ್ಯಾತರಿಗೆ ಒಬ್ಬ ವಿಶೇಷ ಅಧಿಕಾರಿ ಇರಬೇಕು. ಬಲ್ಲವರು ಹೇಳಿ ಗೆದ್ದವರು ಒತ್ತಿದ ಒಳ್ಳೆ ಕಾಯ್ದೆ ಇದು. ಆದ್ರ 'ಪ್ರಯತ್ನ' ಅನ್ನೋ ಮಾತಿನಾಗ ಎಲ್ಲಾ ಅಡಗ್ಯದ. ಕನ್ನಡ ಮಾಸ್ತರು ನಿವೃತ್ತಿ ಆದರೆ ಆ ಜಾಗ ತುಂಬಲಿಲ್ಲ ಅಂದ್ರ ಯಾರನ್ನ ಕೇಳಬೇಕು? 2018ರಾಗ ತೆಲಂಗಾಣದಾಗ ಎಲ್ಲಾ ಸಾಲಿಯಾಗ ತೆಲುಗು ಕಡ್ಡಾಯ ಅಂತ ಕಾಯ್ದೆ ಆಯಿತು. ತೆಲುಗಿನ ಮೇಲೆ ನಮಗ ಸಿಟ್ಟಿಲ್ಲ, ಅದು ನಮ್ಮ ಅನ್ನದ ಭಾಷೆ, ನಮ್ಮ ಭಜನೆಯಾಗ ತೆಲುಗು ಪದಾನೂ ಹಾಡ್ತೇವಿ. ಆದ್ರ ಆ ಕಾಯ್ದೆ 'ಕಡ್ಡಾಯ' ಅಂತದ, 350ಎ 'ಪ್ರಯತ್ನ' ಅಂತದ. ಎರಡು ಎತ್ತು ಒಂದೇ ನೊಗಕ್ಕೆ ಕಟ್ಟಿ, ಒಂದಕ್ಕೆ ಹಗ್ಗ, ಒಂದಕ್ಕೆ ದಾರ ಹಾಕಿದರೆ ಗಳೆ ಎತ್ತ ಕಡೆ ಜಗ್ಗತದ ಅಂತ ಒಕ್ಕಲಿಗನಿಗೆ ಕೇಳಬೇಕಾಗಿಲ್ಲ.

ಮೂರನೇ ಕಂಬ ಹಾಕಿದರೆ ಕೆಲಸ ನಿಲ್ತದ, ತಡ ಆಗ್ತದ ಅಂತ ಒಂದು ಮಾತು ಅದ. 2016ರಾಗ ತೆಲಂಗಾಣದ ಜಿಲ್ಲೆ ಒಡೆದಾಗ ಏನಾಯಿತು? ಕರಡು ಹೊರಡಿಸಿ, 30 ದಿನ ಆಕ್ಷೇಪಣೆ ಕೇಳಿದರು. ಕರಡಿನಾಗ ಹೊಸ ಜಿಲ್ಲೆ 17 ಇದ್ದವು. ಗದ್ವಾಲ, ಸಿರಿಸಿಲ್ಲ, ಜನಗಾಂವ ಕಡೆಯವರು ಎದ್ದು ಕೇಳಿದರು. ಅಕ್ಟೋಬರ್ 11ಕ್ಕೆ ಹೊಸದು 21 ಆದವು, ಹಳೇ ಹತ್ತು ಕೂಡಿ 31. ಜಹೀರಾಬಾದ, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರ ವಿಕಾರಾಬಾದ ಜಿಲ್ಲೆಗೆ ಹೋದವು. ಕೇಳಿದ್ದರಿಂದ ಎರಡು ತಿಂಗಳೂ ತಡ ಆಗಲಿಲ್ಲ. ಜಿಲ್ಲೆಯ ಗೆರೆಗೆ 30 ದಿನ ಕೊಡಬಹುದಾದರೆ ರಾಜ್ಯದ ಗೆರೆಗೆ ಯಾಕ ಇಲ್ಲ?

ಕೇಂದ್ರ ಸರ್ಕಾರವೂ 2014ರ ಫೆಬ್ರವರಿಯಾಗ ಒಂದು ನೀತಿ ಹೊರಡಿಸ್ಯದ. ಯಾವ ಮಸೂದೆ ಆದರೂ ಕಡಿಮಿ ಅಂದ್ರ 30 ದಿನ ಜನರ ಮುಂದೆ ಇಡಬೇಕು ಅಂತ. ಅದು ನೀತಿ, ಕಾಯ್ದೆ ಅಲ್ಲ. ಅದಕ್ಕೇ 2020ರಾಗ ಅದರ ಮಾತು ಯಾರೂ ಕೇಳಲಿಲ್ಲ. ಮತ್ತ ಜನರ ಮುಂದೆ ಇಡೋದು ಅಂದ್ರ ಇಂಗ್ಲಿಷಿನಾಗ ಕಂಪ್ಯೂಟರಿನಾಗ ಹಾಕೋದಲ್ಲ. ಏಳನೇತ್ತ ಓದಿದ ನನಗ ಅದು ಮುಚ್ಚಿದ ಪೆಟ್ಟಿಗಿ.

ನನ್ನ ಬೇಡಿಕೆ ಮೂರು. ಮೊದಲನೇದು, ತಜ್ಞರ ವರದಿ ಬಂದ ಮೇಲೆ ಗೆದ್ದವರು ಒಪ್ಪಿದರೆ ಯಾಕ, ಬಿಟ್ಟರೆ ಯಾಕ ಅಂತ ಬರೆದು ಕೊಡಬೇಕು. 1956ರಾಗ ಹಂಗೆ ಬರೆದಿದ್ದರೆ ನ್ಯಾಲಕಲ್ ಯಾಕ ಬಂತು, ನಿರ್ಣಾ ಯಾಕ ಉಳೀತು ಅಂತ ಇವತ್ತು ಮೊಮ್ಮಕ್ಕಳು ಕೇಳಿದರೆ ಹೇಳೋಕ ಒಂದು ಕಾಗದ ಇರ್ತಿತ್ತು. ಎರಡನೇದು, ಕರಡು ಆ ಊರಿನ ಭಾಷೆಯಾಗ ಗ್ರಾಮಸಭೆಯಾಗ ಓದಬೇಕು. ಗಡಿ ಊರಾಗ ಎರಡು ಭಾಷೆ ಇದ್ದರೆ ಎರಡರಾಗೂ ಓದಬೇಕು. ಮೂರನೇದು, ಸಣ್ಣ ಗುಂಪಿನ ಮೇಲೆ ದೊಡ್ಡ ಭಾರ ಬೀಳೋ ಕಾಯ್ದೆ ಇದ್ದರೆ, ಆ ಗುಂಪಿನವರನ್ನ ಬ್ಯಾರೇ ಕರೆದು ಕೇಳಬೇಕು. ಅಲ್ಗೋಲ್‌ನಾಗ ಮಾಡಿದಂಗ, ತಜ್ಞರು ನಿಂತು ಹೇಳಲಿ, ಅವರು ಕೂತು ಕೇಳಲಿ. ಅವರ ಪ್ರಶ್ನೆಗೆ ಉತ್ತರ ಸಿಗೋ ತನಕ ಅಂಕಿತ ಬೀಳಬಾರದು.

ಇದಕ್ಕ ದಿಲ್ಲಿ, ಹೈದರಾಬಾದ್ ಕಡೆ ನೋಡ್ಕೋತ ಕೂಡೋದು ಬೇಡ. ನಮ್ಮ ವಾಚನಾಲಯಕ್ಕೆ ತೆಲುಗು ಪತ್ರಿಕೆ ಬರ್ತದ, ಕನ್ನಡ ಪತ್ರಿಕೆ ಬರ್ತದ. ಮಸೂದೆ ಸುದ್ದಿ ಬಂದರೆ ಓದೋ ಹುಡುಗರು ಅದನ್ನ ಗ್ರಾಮಸಭೆಯಾಗ ಎದ್ದು ಓದಿ ಹೇಳಬೇಕು. ಊರಿನ ಪ್ರಶ್ನೆ ಬರೆದು, ಸರಪಂಚರ ಸಹಿ ಹಾಕಿಸಿ, ಎಂ.ಎಲ್.ಎ.ಗೆ ಒಂದು, ಕಲೆಕ್ಟರಿಗೆ ಒಂದು ಕಳಿಸಿ, ಒಂದು ಪ್ರತಿ ಇಲ್ಲೇ ಫೈಲಿನಾಗ ಇಡಬೇಕು. ಮುಂದಿನ ಗ್ರಾಮಸಭೆಗೆ ಕನ್ನಡ ಮಾಸ್ತರ ಖಾಲಿ ಜಾಗದ ಮಾತಿನಿಂದಲೇ ಸುರು ಮಾಡಿದರೆ ಆಗ್ತದ. ಅರ್ಜಿ ಬರೆಯೋ ಹುಡುಗ ಇದ್ದರೆ ಒಕ್ಕಣೆ ನಾನು ಹೇಳ್ತೇನಿ.